ಗಾಲಿಕುರ್ಚಿಯಲ್ಲಿ ಕೆರೆ ದಂಡೆಗೆ: ಹೊರಡುವ ಮುನ್ನ ಏನೇನು ಅಳೆದು ನೋಡಬೇಕು?

ಚಳಿಗಾಲ ಹತ್ತಿರವಾದಂತೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರತೊಡಗುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಯ ಹಕ್ಕಿಗಳನ್ನು ತೋರಿಸಲು ಅವ್ವನನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯಬಹುದೇ? ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ತ್ರಿಚಕ್ರ ಸೈಕಲ್ ಓಡಿಸಬಹುದೇ? ನಮ್ಮೂರ ಕೆರೆ ಏರಿಯ ಮೇಲೆ ಸೈಕಲ್ ದಾರಿ ಮಾಡುತ್ತಾರಂತೆ, ಕಣ್ಣು ಕಾಣದ ತಮ್ಮನಿಗೂ ಅಲ್ಲಿ ತಿರುಗಾಡಲು ಬರುತ್ತದೆಯೇ?

‘ಈ ಕೆರೆಗೆ ಹೋಗಿ, ಆ ಕೆರೆ ಬೇಡ’ ಎಂಬ ಪಟ್ಟಿಯನ್ನು ಬೇಕೆಂದೇ ಕೊಡುತ್ತಿಲ್ಲ. ಒಂದು ಜೋರು ಮಳೆ, ಒಂದು ಹೊಸ ಗೇಟು, ಗುತ್ತಿಗೆದಾರ ಸುರಿದು ಮರೆತ ಒಂದು ಟ್ರ್ಯಾಕ್ಟರ್ ಜಲ್ಲಿ ಸಾಕು, ಪಟ್ಟಿ ಸುಳ್ಳಾಗುತ್ತದೆ. ಹಾಗಾಗಿ ಯಾವ ಕೆರೆಯನ್ನಾದರೂ ನೀವೇ ಅಳೆದು ತೀರ್ಮಾನಿಸುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ದಾರಿ ಸರಿಯಿಲ್ಲದಿದ್ದರೆ ಯಾರಿಗೆ, ಹೇಗೆ ಅರ್ಜಿ ಬರೆಯಬೇಕು ಎಂಬುದೂ ಕೊನೆಯಲ್ಲಿದೆ.

ಬೇಕಾಗುವ ಸಾಮಾನು ಕಡಿಮೆ: ಅಳತೆ ಟೇಪು, 4 ಅಡಿ ಉದ್ದದ ನೆಟ್ಟಗಿನ ಮರದ ಪಟ್ಟಿ, ಗಾರೆಯವರು ಬಳಸುವ ಚಿಕ್ಕ ಲೆವೆಲ್ (ಇಲ್ಲವಾದರೆ ಮೊಬೈಲಿನ ಲೆವೆಲ್ ಆ್ಯಪ್ ಆದೀತು), ಫೋಟೊ ತೆಗೆಯಲು ಮೊಬೈಲ್. ಜೊತೆಗೆ ಬೆಳಗಿನ ಒಂದು ಗಂಟೆ.

1. ಮೊದಲು ಹೋಗುವವರನ್ನೇ ಕೇಳಿ

ಹೇಳಬೇಕಾಗಿಯೇ ಇರದ ಮಾತು, ಆದರೂ ಹೇಳಬೇಕಾಗಿದೆ. ಮನೆಯವರೆಲ್ಲ ಸೇರಿ ಕಾರ್ಯಕ್ರಮ ಹಾಕುತ್ತಾರೆ. ಕುರ್ಚಿಯಲ್ಲಿ ಕೂರುವವರಿಗೆ ಗೊತ್ತಾಗುವುದು ಹಿಂದಿನ ರಾತ್ರಿ. ಎಷ್ಟು ಹೊತ್ತು ಕುಳಿತಿರಬಲ್ಲರು, ಶೌಚಾಲಯ ಎಷ್ಟು ಹೊತ್ತಿಗೊಮ್ಮೆ ಬೇಕು, ಇಳಿಜಾರಿನಲ್ಲಿ ಭಯವಾಗುತ್ತದೆಯೇ ಎಂಬುದೆಲ್ಲ ಅವರಿಗೇ ಚೆನ್ನಾಗಿ ಗೊತ್ತು.

‘ಮೆಟ್ಟಿಲು ಬಂದರೆ ನಾಲ್ಕು ಜನ ಎತ್ತಿಕೊಂಡು ಹೋದರಾಯಿತು’ ಎನ್ನುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎತ್ತುವಾಗ ಕುರ್ಚಿಯ ಕೈ ಆಸರೆ ಕಳಚಿ ಬರುವುದುಂಟು, ಎತ್ತಿದವರ ಸೊಂಟ ಹಿಡಿಯುವುದುಂಟು. ಹತ್ತಾರು ಜನ ನೋಡುತ್ತಿರುವಾಗ ಮೂಟೆಯಂತೆ ಎತ್ತಿಸಿಕೊಳ್ಳುವುದು ಯಾರಿಗೂ ಹಿತವಲ್ಲ.

2. ನಿಮ್ಮ ಗಾಡಿಯನ್ನು ಅಳೆಯಿರಿ

ದಾರಿ ಅಳೆಯುವ ಮೊದಲು ಮನೆಯಂಗಳದಲ್ಲೇ ಗಾಡಿಯನ್ನು ಅಳೆದು ಬರೆದಿಟ್ಟುಕೊಳ್ಳಿ. ಅಗಲ ಅಳೆಯುವಾಗ ಒಂದು ಗಾಲಿಯ ಹೊರಬಳೆಯಿಂದ ಇನ್ನೊಂದರ ಹೊರಬಳೆಯವರೆಗೆ ಟೇಪು ಹಿಡಿಯಬೇಕು, ಸೀಟಿನ ಅಗಲವಲ್ಲ. ಸ್ವತಃ ಕುರ್ಚಿ ತಳ್ಳಿಕೊಳ್ಳುವವರಾದರೆ ಮೊಣಕೈ ಆಡಲು ಎರಡೂ ಬದಿಗೆ ಇನ್ನಷ್ಟು ಜಾಗ ಬೇಕು. ತ್ರಿಚಕ್ರ ಸೈಕಲ್, ಅಂದರೆ ಕೈಯಿಂದ ಪೆಡಲ್ ತಿರುಗಿಸುವ ಮೂರು ಗಾಲಿಯ ಸೈಕಲ್, ಸಾಮಾನ್ಯ ಗಾಲಿಕುರ್ಚಿಗಿಂತ ಅಗಲ ಮತ್ತು ಬಹಳ ಉದ್ದ. ಅದರ ತಿರುವಿಗೆ ಬೇಕಾದ ಜಾಗವನ್ನೂ ಅಂಗಳದಲ್ಲಿ ಒಮ್ಮೆ ತಿರುಗಿಸಿ ನೋಡಿ.

ಹಿಂದಿನ ಎರಡು ಬದಿಗೆ ಗಾಲಿ ಸೇರಿಸಿದ ಸ್ಕೂಟರ್ ನಿಮ್ಮದಾಗಿದ್ದರೆ ಒಂದು ಎಚ್ಚರಿಕೆ. ಅದು ಮೋಟಾರು ವಾಹನ. ‘ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ ಇರುವ ಕಡೆ ಕಾವಲುಗಾರ ತಡೆದರೆ ಅವನೊಡನೆ ವಾದ ಬೆಳೆಸಿ ಪ್ರಯೋಜನವಿಲ್ಲ. ಕೆರೆ ನೋಡಿಕೊಳ್ಳುವ ಕಚೇರಿಯಿಂದ ಮೊದಲೇ ಅನುಮತಿ ಕೇಳಿ, ಪತ್ರವನ್ನು ಕೈಯಲ್ಲಿಟ್ಟುಕೊಂಡೇ ಹೋಗಿ.

3. ಫೋನಿನಲ್ಲಿ ಕೇಳುವಾಗ ಪ್ರಶ್ನೆ ಬದಲಿಸಿ

‘ಅಲ್ಲಿ ಗಾಲಿಕುರ್ಚಿ ಹೋಗುತ್ತದೆಯೇ?’ ಎಂದು ಕೇಳಿದರೆ ಎಲ್ಲರೂ ‘ಹೋಗುತ್ತದೆ, ಬನ್ನಿ’ ಎನ್ನುತ್ತಾರೆ. ಸುಳ್ಳು ಹೇಳುವ ಉದ್ದೇಶ ಅವರಿಗಿರುವುದಿಲ್ಲ. ದಿನವೂ ದಾಟಿ ಹೋಗುವ ಎರಡು ಮೆಟ್ಟಿಲು ಅವರ ನೆನಪಿನಲ್ಲೇ ಉಳಿದಿರುವುದಿಲ್ಲ, ಅಷ್ಟೇ. ಆದ್ದರಿಂದ ಹೌದು–ಇಲ್ಲ ಎಂಬ ಉತ್ತರಕ್ಕೆ ಎಡೆ ಕೊಡದಂತೆ ಕೇಳಿ. ವಾಹನ ನಿಲ್ಲಿಸುವಲ್ಲಿಂದ ನೀರು ಕಾಣುವ ಜಾಗದವರೆಗೆ ಎಷ್ಟು ಮೆಟ್ಟಿಲುಗಳಿವೆ? ಗೇಟಿನಲ್ಲಿ ಬೈಕ್ ತಡೆಯಲು ಏನು ಹಾಕಿದ್ದೀರಿ? ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಸಾಧ್ಯವಾದರೆ ಗೇಟಿನ ಫೋಟೊ ಕಳಿಸಲು ಹೇಳಿ. ಒಂದು ಫೋಟೊ ಹತ್ತು ನಿಮಿಷದ ಮಾತನ್ನು ಉಳಿಸುತ್ತದೆ.

4. ಗೇಟು: ಎಲ್ಲ ಕೆಡುವುದು ಇಲ್ಲೇ

ಕೆರೆ ದಂಡೆಗೆ ಲಕ್ಷಗಟ್ಟಲೆ ಖರ್ಚು ಮಾಡಿ ನುಣ್ಣನೆಯ ದಾರಿ ಹಾಕಿಸಿರುತ್ತಾರೆ. ಆ ದಾರಿಯ ಬಾಯಲ್ಲಿ, ಬೈಕ್ ಮತ್ತು ದನ ಬರಬಾರದೆಂದು ಮೂರು ಕಬ್ಬಿಣದ ಕೊಳವೆ ನೆಟ್ಟಿರುತ್ತಾರೆ. ಅಲ್ಲಿಗೆ ಮುಗಿಯಿತು.

ಗೇಟುಗಳಲ್ಲಿ ಮೂರು ಬಗೆ ಹೆಚ್ಚು. ಒಂದು, ನೆಲಕ್ಕೆ ನೆಟ್ಟ ಗಿಡ್ಡ ಕಂಬಗಳ ಸಾಲು. ಎಂಜಿನಿಯರರು ಇದನ್ನು ಬೊಲ್ಲಾರ್ಡ್ ಎನ್ನುತ್ತಾರೆ. ಎರಡು, ಒಬ್ಬೊಬ್ಬರೇ ಒಳಗೆ ನಿಂತು ಬಾಗಿಲನ್ನು ಆಚೆ ತಳ್ಳಿ ದಾಟುವ ಗೂಡಿನಂಥ ಗೇಟು ಅಥವಾ ತಿರುಗುಗಂಬ. ಮೂರು, ಒಂದರ ಹಿಂದೆ ಒಂದು ಅಡ್ಡಕಟ್ಟೆ ಇಟ್ಟು ಹಾವಿನಂತೆ ಬಳಸಿ ಹೋಗುವ ದಾರಿ.

ಕಂಬಗಳ ನಡುವಿನ ಜಾಗವನ್ನು ನೆಲಮಟ್ಟದಲ್ಲಿ ಒಮ್ಮೆ, ಮೊಣಕೈ ಎತ್ತರದಲ್ಲಿ ಒಮ್ಮೆ ಅಳೆಯಿರಿ, ಏಕೆಂದರೆ ಕಂಬಗಳು ವಾಲಿರುತ್ತವೆ. ಭಾರತದಲ್ಲಿ ಕಟ್ಟಡಗಳ ಬಾಗಿಲಿಗೆ ಹೇಳಿರುವ ಅಡೆತಡೆಯಿಲ್ಲದ ಅಗಲ 90 ಸೆಂ.ಮೀ. ಗಾಲಿಕುರ್ಚಿ ನೇರವಾಗಿ ದಾಟಲು ಅಷ್ಟು ಸಾಕು. ತ್ರಿಚಕ್ರ ಸೈಕಲ್ ಆರಾಮಾಗಿ ದಾಟಬೇಕಾದರೆ 120 ಸೆಂ.ಮೀ. ಇರಲಿ. ಹಾವಿನ ತಿರುವಿನ ಗೇಟಿಗೆ ಅಗಲವೊಂದೇ ಸಾಲದು. ಗಾಲಿಕುರ್ಚಿ ಪೂರ್ತಿ ತಿರುಗಲು 150 ಸೆಂ.ಮೀ. ಅಡ್ಡಳತೆಯ ವೃತ್ತದಷ್ಟು ಜಾಗ ಬೇಕು. ತ್ರಿಚಕ್ರಕ್ಕೆ ಅದೂ ಸಾಲುವುದಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಲೇಬೇಕು. ‘ಬೈಕ್ ಬರಬಾರದು, ತ್ರಿಚಕ್ರ ಮಾತ್ರ ಬರಬೇಕು, ಅಂಥ ಗೇಟು ಹಾಕಿ’ ಎಂದು ಅರ್ಜಿ ಬರೆಯುವವರಿದ್ದಾರೆ. ಬೈಕಿನ ಹ್ಯಾಂಡಲ್ ಅಗಲವೂ ತ್ರಿಚಕ್ರ ಸೈಕಲ್ಲಿನ ಅಗಲವೂ ಹೆಚ್ಚುಕಡಿಮೆ ಒಂದೇ. ಅಗಲ ಕಿರಿದು ಮಾಡಿ ಬೈಕನ್ನು ತಡೆಯುವ ಗೇಟು ತ್ರಿಚಕ್ರವನ್ನೂ ತಡೆದೇ ತಡೆಯುತ್ತದೆ. ಬೈಕ್ ತಡೆಯುವುದು ಕಾವಲುಗಾರನ, ದಂಡದ, ಕ್ಯಾಮೆರಾದ ಕೆಲಸ. ಅದನ್ನು ಕಬ್ಬಿಣದ ಕೊಳವೆಗೆ ವಹಿಸಿದರೆ ಹುಡುಗರು ಬೇಲಿಯ ಪಕ್ಕದಲ್ಲಿ ಬೈಕ್ ತೂರಿಸಿಕೊಂಡು ಒಳಗೆ ಬರುತ್ತಾರೆ, ಅಂಗವಿಕಲರು ಹೊರಗೆ ಉಳಿಯುತ್ತಾರೆ.

ಪಕ್ಕದಲ್ಲಿ ದೊಡ್ಡ ಗೇಟೊಂದಿದ್ದು ಅದಕ್ಕೆ ಬೀಗ ಹಾಕಿರುವುದೂ ಸಾಮಾನ್ಯ. ಬೀಗದ ಕೈ ಹಿಡಿದವರು ಯಾರು, ಭಾನುವಾರ ಬೆಳಿಗ್ಗೆ 6 ಗಂಟೆಗೆ ಅವರು ಸಿಗುತ್ತಾರೆಯೇ ಎಂದು ವಿಚಾರಿಸಿ. ಸಿಗದಿದ್ದರೆ ಆ ಗೇಟು ನಿಮ್ಮ ಪಾಲಿಗೆ ಗೋಡೆಯೇ.

5. ನೆಲ: ಎರೆಯೋ, ಮಸಾರಿಯೋ?

ನಮ್ಮ ಕಡೆಯ ಕೆರೆಗಳಿಗೆ ಬೇರೆ ಊರಿನ ಸಲಹೆ ಪೂರ್ತಿ ಒಗ್ಗದಿರಲು ಕಾರಣ ಮಣ್ಣು. ಧಾರವಾಡದ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗ, ರೋಣದ ಬಯಲು ಬಹುಪಾಲು ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮಳೆ ಬಿದ್ದ ಮರುದಿನ ಅದು ಗಾಲಿಗೆ ಮೆತ್ತಿಕೊಂಡು ಕುರ್ಚಿಯ ಚೌಕಟ್ಟಿಗೂ ಗಾಲಿಗೂ ನಡುವೆ ಗಟ್ಟಿ ಮುದ್ದೆಯಾಗಿ ಕೂರುತ್ತದೆ. ಆಮೇಲೆ ಗಾಲಿ ತಿರುಗುವುದಿಲ್ಲ, ಉಜ್ಜುತ್ತದೆ. ಬೇಸಿಗೆಯಲ್ಲಿ ಬೇರೆ ತೊಂದರೆ: ಬಿರುಕು. ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು, ಕ್ಯಾಸ್ಟರ್ ಎನ್ನುತ್ತಾರಲ್ಲ, ಬಿರುಕಿನೊಳಗೆ ಇಳಿದು ಸಿಕ್ಕಿಕೊಂಡರೆ ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಸೊಂಟದ ಬೆಲ್ಟ್ ಬೇಡ ಎನ್ನುವವರಿಗೂ ಎರೆ ನೆಲದಲ್ಲಿ ಕಟ್ಟಲೇಬೇಕು.

ಮಸಾರಿ ನೆಲ, ಅಂದರೆ ಕೆಂಪು ಮಣ್ಣು, ಅಷ್ಟು ಕಾಡುವುದಿಲ್ಲ. ಗರಸು ಹಾಕಿ ರೋಲರ್ ಹೊಡೆದ ದಾರಿ ಒಣಗಿದ ದಿನಗಳಲ್ಲಿ ಡಾಂಬರಿನಷ್ಟೇ ಚೆನ್ನಾಗಿರುತ್ತದೆ. ಸುರಿದು ಹರಡಿ ಬಿಟ್ಟ ಸಡಿಲ ಜಲ್ಲಿ ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು. ನೋಡಲು ಅಭಿವೃದ್ಧಿಯಾದಂತೆ ಕಾಣುತ್ತದೆ, ಕ್ಯಾಸ್ಟರ್ ಮೂರು ಅಡಿ ಮುಂದೆ ಹೋಗುವುದಿಲ್ಲ. ಪರೀಕ್ಷೆ ಸುಲಭ: ಹಿಮ್ಮಡಿಯನ್ನು ಜೋರಾಗಿ ಒತ್ತಿ ತಿರುಗಿಸಿ. ಕುಳಿ ಬಿದ್ದರೆ ಅಲ್ಲಿ ಕ್ಯಾಸ್ಟರೂ ಹೂತುಕೊಳ್ಳುತ್ತದೆ.

ಅನಿವಾರ್ಯವಾಗಿ ಮೆತ್ತನೆಯ ನೆಲ ದಾಟಬೇಕಾದರೆ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಹಿಂದಿನ ದೊಡ್ಡ ಗಾಲಿಗಳ ಮೇಲೆ ಭಾರ ಬಿಟ್ಟು, ಹಿಮ್ಮುಖವಾಗಿ ಎಳೆಯಿರಿ. ತಳ್ಳಲು ಹೋಗಬೇಡಿ.

ಮುಳ್ಳನ್ನು ಮರೆಯುವಂತಿಲ್ಲ. ಕೆರೆಯಂಗಳ ಎಂದರೆ ಬಳ್ಳಾರಿ ಜಾಲಿ ಇದ್ದೇ ಇರುತ್ತದೆ. ಅದನ್ನು ಕಡಿದು ಹಾಕಿದ ವಾರದಲ್ಲಂತೂ ದಾರಿಯ ತುಂಬ ಮುಳ್ಳು. ದಾರಿಯಂಚಿನ ನೆಗ್ಗಿಲು ಮುಳ್ಳು ಇನ್ನೂ ಚಿಕ್ಕದು, ಕಣ್ಣಿಗೇ ಬೀಳುವುದಿಲ್ಲ. ಗಾಳಿ ತುಂಬಿದ ಟೈರಿನ ಗಾಡಿಯಾದರೆ ಪಂಕ್ಚರ್ ಸಾಮಾನು, ಕೈ ಪಂಪು, ಒಂದು ಹೆಚ್ಚುವರಿ ಟ್ಯೂಬು ಇರಲಿ. ಗಟ್ಟಿ ರಬ್ಬರಿನ ಟೈರಾದರೆ ಈ ಚಿಂತೆಯಿಲ್ಲ, ಬದಲಿಗೆ ಕುಲುಕಾಟ ಹೆಚ್ಚು.

6. ಏರಿ, ಇಳಿಜಾರು, ಕೋಡಿ

ಹಳ್ಳಿಯ ಕೆರೆಯಲ್ಲಿ ದಾರಿ ಇರುವುದು ಸಾಮಾನ್ಯವಾಗಿ ಏರಿಯ ಮೇಲೆ. ಏರಿಯ ಮೇಲ್ಭಾಗ ಮಟ್ಟಸವಾಗಿರುತ್ತದೆ, ಹತ್ತುವ ತುಣುಕೇ ಕಷ್ಟ. ಗಾಲಿಕುರ್ಚಿಯ ಇಳಿಜಾರಿಗೆ, ಅಂದರೆ ರ‍್ಯಾಂಪಿಗೆ, ಒಪ್ಪಿತವಾದ ಮಿತಿ 1ಕ್ಕೆ 12: ಒಂದು ಅಡಿ ಮೇಲೇರಲು ಕನಿಷ್ಠ 12 ಅಡಿ ಉದ್ದದ ದಾರಿ. 10 ಅಡಿ ಎತ್ತರದ ಏರಿಗೆ 120 ಅಡಿ ಎಂದಾಯಿತು, ನಡುನಡುವೆ ನಿಂತು ಉಸಿರೆಳೆದುಕೊಳ್ಳುವ ಮಟ್ಟಸ ಜಾಗ ಬೇರೆ. ಟ್ರ್ಯಾಕ್ಟರ್ ಹತ್ತುವ ದಾರಿ ಇದರ ಹತ್ತಿರಕ್ಕೂ ಬರುವುದಿಲ್ಲ.

ಅಳೆಯುವುದು ಹೀಗೆ. ಮರದ ಪಟ್ಟಿಯನ್ನು ಇಳಿಜಾರಿನ ಉದ್ದಕ್ಕೆ ಇಡಿ. ಕೆಳತುದಿಯನ್ನು ಎತ್ತುತ್ತ ಹೋಗಿ, ಲೆವೆಲ್‌ನ ಗುಳ್ಳೆ ನಡುವಿಗೆ ಬಂದಾಗ ನಿಲ್ಲಿಸಿ. ಆ ತುದಿಯ ಕೆಳಗಿನ ಸಂದು 4 ಇಂಚು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇಳಿಜಾರು ಮಿತಿಯೊಳಗಿದೆ. 6 ಇಂಚು ಬಂದರೆ ತಳ್ಳುವವರು ಗಟ್ಟಿಗರಾಗಿರಬೇಕು. 8 ಇಂಚು ಬಂದರೆ ಬೇರೆ ದಾರಿ ಹುಡುಕಿ. ಆಮೇಲೆ ಅದೇ ಪಟ್ಟಿಯನ್ನು ದಾರಿಗೆ ಅಡ್ಡಲಾಗಿ ಇಡಿ. ಇಲ್ಲಿ ಸಂದು ಒಂದು ಇಂಚಿನ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಕುರ್ಚಿ ತನ್ನಷ್ಟಕ್ಕೆ ನೀರಿನ ಕಡೆಗೋ ಹೊಲದ ಕಡೆಗೋ ಎಳೆಯುತ್ತಲೇ ಇರುತ್ತದೆ. ಈ ಅಡ್ಡ ವಾಲಿಕೆಯನ್ನು ಯಾರೂ ಅಳೆಯುವುದಿಲ್ಲ. ಒಂದು ಕಿಲೋಮೀಟರ್ ತಳ್ಳಿದ ಮೇಲೆ ಒಂದೇ ತೋಳು ನೋಯುವುದು ಇದರಿಂದಲೇ.

ಕಡಿದಾದ ಕಡೆ ಇಳಿಯುವಾಗ ಕುರ್ಚಿಯನ್ನು ಹಿಮ್ಮುಖ ಮಾಡಿ, ನೀವು ಕೆಳಗಿನ ಬದಿಗೆ ನಿಂತು, ಹೆಜ್ಜೆ ಹೆಜ್ಜೆಯಾಗಿ ಇಳಿಸಿ.

ಕೋಡಿ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಜಾಗ, ಏರಿಯ ದಾರಿಯನ್ನು ಕಡಿದು ಹಾಕಿರುತ್ತದೆ. ಬೇಸಿಗೆಯಲ್ಲಿ ಅದು ತಗ್ಗು ಮಾತ್ರ. ಕೋಡಿ ಬಿದ್ದಿರುವಾಗ ನೀರು ಪಾದ ಮುಳುಗುವಷ್ಟೇ ಇದ್ದರೂ ಗಾಲಿಕುರ್ಚಿಯನ್ನು ಅದರಲ್ಲಿ ಇಳಿಸಬೇಡಿ; ಕೆಳಗಿನ ಪಾಚಿಯ ಮೇಲೆ ಬ್ರೇಕು ಹಿಡಿಯುವುದಿಲ್ಲ. ಕೋಡಿಯವರೆಗೆ ಹೋಗಿ ಹಿಂತಿರುಗಿ. ಕೆರೆಗೆ ಪೂರ್ತಿ ಸುತ್ತು ಹಾಕಲೇಬೇಕೆಂಬ ಹರಕೆ ಯಾರೂ ಹೊತ್ತಿರುವುದಿಲ್ಲ.

7. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ

ಏರಿಯ ಅಂಚಿಗೆ ಕೈಕೋಲಿಗೆ ತಾಗುವಂಥ ಕಟ್ಟೆ ಇದೆಯೇ ನೋಡಿ. ಇಲ್ಲದಿದ್ದರೆ ಅಂಧರು ಒಬ್ಬರೇ ನಡೆಯುವ ದಾರಿ ಅದಲ್ಲ. ಹಳದಿ ಬಣ್ಣದ ಉಬ್ಬು ಹಾಸುಬಿಲ್ಲೆ ಹಾಕಿದ್ದರೆ, ಉದ್ದ ಗೆರೆ ಇದ್ದುದು ‘ಮುಂದೆ ನಡೆ’, ಚುಕ್ಕಿ ಇದ್ದುದು ‘ನಿಲ್ಲು, ಏನೋ ಇದೆ’ ಎಂಬ ಸೂಚನೆ. ಆ ಸಾಲನ್ನು ಕೊನೆಯವರೆಗೆ ನೀವೇ ನಡೆದು ನೋಡಿ. ಗೆರೆ ನೇರವಾಗಿ ವಿದ್ಯುತ್ ಕಂಬಕ್ಕೋ ಕಸದ ಡಬ್ಬಿಗೋ ಹೋಗಿ ಮುಟ್ಟುವ ಸಂದರ್ಭಗಳಿವೆ.

ಸೈಕಲ್ ಸದ್ದಿಲ್ಲದೆ ಬರುತ್ತದೆ. ಕಿವಿ ಕೇಳದವರಿಗೆ ಹಿಂದಿನ ಗಂಟೆಯೂ ಕೇಳುವುದಿಲ್ಲ. ಸೈಕಲ್ಲಿಗೂ ನಡೆಯುವವರಿಗೂ ಒಂದೇ ದಾರಿ ಇರುವಲ್ಲಿ ಬಿಳಿ ಗೆರೆಯಿಂದ ಎರಡು ಪಾಲು ಮಾಡಿದ್ದಾರೆಯೇ ಗಮನಿಸಿ. ಇಲ್ಲದಿದ್ದರೆ ಸೈಕಲ್ ಸವಾರರು ಕಡಿಮೆ ಇರುವ ಹೊತ್ತು ಆರಿಸಿಕೊಳ್ಳುವುದು ವಾಸಿ.

8. ಶೌಚಾಲಯ

ಗೋಡೆಯ ಮೇಲೆ ಗಾಲಿಕುರ್ಚಿಯ ಚಿತ್ರ ಇದ್ದ ಮಾತ್ರಕ್ಕೆ ನಂಬಬೇಡಿ. ಬಾಗಿಲು 90 ಸೆಂ.ಮೀ. ಇದೆಯೇ, ಹೊರಕ್ಕೆ ತೆರೆಯುತ್ತದೆಯೇ, ಕಮೋಡಿನ ಪಕ್ಕದ ಹಿಡಿಕೆ ಜಗ್ಗಿದರೆ ಅಲುಗದೆ ನಿಲ್ಲುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಒಳಗೆ ಪೊರಕೆ, ಬಕೆಟ್, ಸುಣ್ಣದ ಚೀಲ ತುಂಬಿಟ್ಟಿದ್ದಾರೆಯೇ. ಕೊನೆಯದನ್ನು ತಮಾಷೆಗೆ ಬರೆದದ್ದಲ್ಲ. ಶೌಚಾಲಯ ಬಳಸಲು ಬರುವಂತಿಲ್ಲದಿದ್ದರೆ ಹತ್ತಿರದ ಪೆಟ್ರೋಲ್ ಬಂಕ್, ಖಾನಾವಳಿ, ಪರಿಚಯದವರ ಮನೆ ಯಾವುದಾದರೂ ಗೊತ್ತು ಮಾಡಿಕೊಳ್ಳಿ. ನೀರು ಕುಡಿಯದೆ ತಡೆದುಕೊಂಡಿರಲು ಹೇಳುವುದು ಪರಿಹಾರವಲ್ಲ, ಮೂತ್ರದ ಸೋಂಕಿಗೆ ಆಹ್ವಾನ.

9. ಹೋಗುವ ದಿನ

ಹುಬ್ಬಳ್ಳಿ–ಧಾರವಾಡದವರಿಗೆ ಚಿಗರಿ ಬಸ್ಸು, ಅಂದರೆ ಎರಡೂ ಊರುಗಳ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಬಸ್ಸು, ಒಂದು ಅನುಕೂಲ. ಅದರ ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿರುವುದರಿಂದ ಕುರ್ಚಿಯನ್ನು ಎತ್ತದೆ ಒಳಗೆ ಒಯ್ಯಬಹುದು. ಬಸ್ಸಿಗೂ ಕಟ್ಟೆಗೂ ನಡುವಿನ ಸಂದಿಯಲ್ಲಿ ಕ್ಯಾಸ್ಟರ್ ಇಳಿಯದಂತೆ ಹಿಂದಿನ ಗಾಲಿಯನ್ನು ಮೊದಲು ದಾಟಿಸಿ. ಹಳ್ಳಿಯ ಕೆರೆಗಳಿಗೆ ಹೋಗುವ ಸಾಮಾನ್ಯ ಬಸ್ಸುಗಳಲ್ಲಿ ಈ ಸೌಕರ್ಯವಿಲ್ಲ. ಮಡಚುವ ಕುರ್ಚಿ ಇದ್ದರೆ ಕಾರು ಅಥವಾ ಆಟೊ ಮಾಡಿಕೊಳ್ಳುವುದೇ ಮೇಲು.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ನವೆಂಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ನೀರಿನಲ್ಲಿ ತಂಗಿ, ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಏರಿ ಸುತ್ತುವ ಅಗತ್ಯವೇ ಇಲ್ಲ; ಮಟ್ಟಸ ನೆಲ ನೋಡಿ ಒಂದು ಕಡೆ ಕುರ್ಚಿ ನಿಲ್ಲಿಸಿ ದುರ್ಬೀನು ಕೊಟ್ಟರೆ ಸಾಕು. ಕುರ್ಚಿ ನಿಲ್ಲಿಸುವಾಗ ಮುಖ ನೀರಿನ ಕಡೆ ಇಳಿಜಾರಿಗೆ ನೇರವಾಗಿರದೆ ಸ್ವಲ್ಪ ಅಡ್ಡವಾಗಿರಲಿ, ಎರಡೂ ಬ್ರೇಕು ಹಾಕಿರಲಿ, ಗಾಲಿಯ ಹಿಂದೆ ಮುಂದೆ ಕಲ್ಲು ಇಡಿ.

ಬೆನ್ನುಹುರಿಗೆ ಪೆಟ್ಟಾದವರಿಗೆ ಎರಡು ಮಾತು. ಪೆಟ್ಟಾದ ಜಾಗದಿಂದ ಕೆಳಗೆ ಮೈ ಸರಿಯಾಗಿ ಬೆವರುವುದಿಲ್ಲ, ಆದ್ದರಿಂದ ಬಿಸಿಲಿನಲ್ಲಿ ಮೈಬಿಸಿ ಬೇಗ ಏರಿ ಅಪಾಯವಾಗುತ್ತದೆ. ಒದ್ದೆ ಬಟ್ಟೆ, ನೀರು, ಕೊಡೆ ಇರಲಿ. 10 ಗಂಟೆಯೊಳಗೆ ನೆರಳು ಸೇರಿ. ಹಾಗೆಯೇ ಕುಲುಕುವ ದಾರಿಯಲ್ಲಿ ಒಂದೇ ಭಂಗಿಯಲ್ಲಿ ಕುಳಿತರೆ ಒತ್ತುಹುಣ್ಣು ಏಳುತ್ತದೆ, ನೋವು ಮಾತ್ರ ಗೊತ್ತಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಮೈ ಎತ್ತಿ ಭಾರ ಬದಲಿಸಬೇಕು.

10. ದಾರಿ ಸರಿಯಿಲ್ಲದಿದ್ದರೆ ಅರ್ಜಿ

ಅಳತೆಯೆಲ್ಲ ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕಾಗಿಯೂ ಹೌದು. ಮೊದಲು ಕೆರೆ ಯಾರದು ಎಂದು ತಿಳಿಯಿರಿ. 40 ಹೆಕ್ಟೇರಿಗಿಂತ ಹೆಚ್ಚು ಜಮೀನಿಗೆ ನೀರುಣಿಸುವ ಕೆರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯಿತಿ ವ್ಯವಸ್ಥೆಯದು. ಊರೊಳಗಿನ ಕೆರೆಯಾದರೆ ನಗರಸಭೆ ಅಥವಾ ಮಹಾನಗರ ಪಾಲಿಕೆ. ಮಾಗಡಿಯಂಥ ಸಂರಕ್ಷಿತ ಜಾಗ ಅರಣ್ಯ ಇಲಾಖೆಯದು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಜನ ವಿಆರ್‌ಡಬ್ಲ್ಯು ಎನ್ನುತ್ತಾರೆ. ಅವರನ್ನು ಜೊತೆಗೆ ಕರೆದುಕೊಂಡು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಕಾಣಿ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ಶೇ 5ರಷ್ಟು ಅನುದಾನ ಮೀಸಲಿಡಬೇಕು. ಗೇಟು ಅಗಲ ಮಾಡುವಂಥ ಸಣ್ಣ ಕೆಲಸವನ್ನು ಅದರಲ್ಲಿ ಸೇರಿಸಲು ಗ್ರಾಮಸಭೆಯಲ್ಲೇ ಕೇಳಿ, ನಡಾವಳಿಯಲ್ಲಿ ಬರೆಸಿ.

ಅರ್ಜಿಯಲ್ಲಿ ‘ಅಂಗವಿಕಲರಿಗೆ ಸೂಕ್ತ ಸೌಲಭ್ಯ ಕಲ್ಪಿಸಬೇಕು’ ಎಂದು ಬರೆದರೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುತ್ತದೆ. ಹೀಗೆ ಬರೆಯಿರಿ: ‘ಉತ್ತರ ದಿಕ್ಕಿನ ಗೇಟಿನಲ್ಲಿ ಎರಡು ಕಂಬಗಳ ನಡುವೆ 68 ಸೆಂ.ಮೀ. ಇದೆ. ನಡುವಿನ ಒಂದು ಕಂಬ ತೆಗೆದರೆ 120 ಸೆಂ.ಮೀ.ಗಿಂತ ಹೆಚ್ಚಾಗುತ್ತದೆ. ಆ ಕಂಬವನ್ನು ತೆಗೆಯಬೇಕು.’ ಫೋಟೊದಲ್ಲಿ ಟೇಪು ಕಾಣುವಂತಿರಲಿ. ಆಧಾರವಾಗಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಅನ್ನು ಹೆಸರಿಸಿ. ಈ ಕಾಯ್ದೆಯಡಿಯ ಪ್ರವೇಶಸಾಧ್ಯತೆಯ ಮಾನದಂಡಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯ ನಿಯಮಗಳಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ. ಅದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಒಂದು ಮುಖ್ಯ ಎಚ್ಚರಿಕೆ. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು. ಇಂಥ ಕಡೆ ನೀರಿನ ಗರಿಷ್ಠ ಮಟ್ಟದ ಸರಾಸರಿ ಗೆರೆಯಿಂದ 50 ಮೀಟರಿನೊಳಗೆ ಶಾಶ್ವತ ಕಟ್ಟಡ ಕೆಲಸಕ್ಕೆ 2017ರ ಜೌಗು ಪ್ರದೇಶ ನಿಯಮಗಳು ಅಡ್ಡಿಯಾಗುತ್ತವೆ. ‘ಕೆರೆ ಸುತ್ತ ಕಾಂಕ್ರೀಟ್ ದಾರಿ ಬೇಕು’ ಎಂದು ಕೇಳಿದರೆ ತಿರಸ್ಕರಿಸಲು ಇಲಾಖೆಗೆ ನೀವೇ ಕಾರಣ ಒದಗಿಸಿದಂತೆ. ಗಟ್ಟಿ ಮಾಡಿದ ಗರಸಿನ ದಾರಿ, ಕಳಚಿ ತೆಗೆಯಬಹುದಾದ ಮರದ ಹಾಸು, ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿನ ಎತ್ತರಕ್ಕೆ ಒಂದು ವೀಕ್ಷಣಾ ಕಿಂಡಿ, ಇಷ್ಟನ್ನು ಕೇಳಿ. ಹಕ್ಕಿಗಳಿಗೂ ಅದೇ ಒಳ್ಳೆಯದು.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ನಕ್ಷೆಯ ಪ್ರತಿ ಕೇಳಿ; 30 ದಿನದಲ್ಲಿ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಕತೆ ಬರೆದರೆ ಅರ್ಜಿ ವಾಪಸ್ ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಬಹುದು. ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಕಚೇರಿ ಮೂರು ತಿಂಗಳೊಳಗೆ ಕ್ರಮದ ವರದಿ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಪ್ರತಿ ಅರ್ಜಿಯ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ.

ಕೆಲಸ ಶುರುವಾಯಿತು ಎಂದ ಮೇಲೆ ಸುಮ್ಮನೆ ಕೂರುವಂತಿಲ್ಲ. ಕಂಬ ನೆಡಲು ಕುಳಿ ತೋಡುವ ದಿನವೇ ಟೇಪು ಹಿಡಿದು ಹೋಗಿ, ಸಾಧ್ಯವಾದರೆ ತ್ರಿಚಕ್ರವನ್ನೇ ತೆಗೆದುಕೊಂಡು ಹೋಗಿ ಕುಳಿಗಳ ನಡುವೆ ಓಡಿಸಿ ತೋರಿಸಿ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಹೇಳಿದರೆ ಗುತ್ತಿಗೆದಾರ ‘ನಕ್ಷೆಯಲ್ಲಿ ಹೀಗೇ ಇದೆ’ ಎನ್ನುತ್ತಾನೆ, ಎಂಜಿನಿಯರ್ ‘ಮುಂದಿನ ಅನುದಾನದಲ್ಲಿ ನೋಡೋಣ’ ಎನ್ನುತ್ತಾರೆ. ಅಂತಿಮ ಬಿಲ್ಲು ಪಾಸಾಗುವ ಮುನ್ನ ನಿಮ್ಮ ಅಳತೆಯ ಚೀಟಿ ಲಿಖಿತವಾಗಿ ಅವರ ಕಡತ ಸೇರಿರಬೇಕು.